ಮೈಮೇಲಿನ ಮಚ್ಚೆ: ಯಾವುದನ್ನು ಬಿಡಬಹುದು, ಯಾವುದನ್ನು ತೋರಿಸಲೇಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಮಚ್ಚೆ ಎಂದ ಕೂಡಲೇ ನಮಗೆ ನೆನಪಾಗುವುದು ಮುಖ. ಆದರೆ ನಮ್ಮ ಮೈಬಣ್ಣದವರಲ್ಲಿ ಅಪಾಯದ ಮಚ್ಚೆ ಹೆಚ್ಚಾಗಿ ಹುಟ್ಟುವುದು ಕನ್ನಡಿಗೆ ಕಾಣದ ಕಡೆ: ಅಂಗಾಲು, ಅಂಗೈ, ಉಗುರಿನ ಅಡಿ. ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ತೋಟ, ಗದ್ದೆ, ಕಡಲು ಎಂದು ಬರಿಗಾಲಲ್ಲಿ ದುಡಿಯುವವರು ಇಷ್ಟು ಮಂದಿ ಇರುವ ನಾಡಿನಲ್ಲಿ ಈ ಒಂದು ಮಾತು ಎಲ್ಲ ಮನೆಗೂ ಮುಟ್ಟಬೇಕು. ಮುಂದಿನ ಪ್ರಶ್ನೆಗಳನ್ನು ಓದುವಾಗ ನಿಮ್ಮ ಕಾಲನ್ನೂ ಒಮ್ಮೆ ತಿರುಗಿಸಿ ನೋಡಿ.

ಮಚ್ಚೆ ಎಂದರೆ ನಿಜಕ್ಕೂ ಏನು?

ಚರ್ಮಕ್ಕೆ ಬಣ್ಣ ಕೊಡುವ ಮೆಲನೋಸೈಟ್ ಎಂಬ ಜೀವಕೋಶಗಳು ಸಾಮಾನ್ಯವಾಗಿ ಬಿಡಿಬಿಡಿಯಾಗಿ ಹರಡಿಕೊಂಡಿರುತ್ತವೆ. ಅವು ಒಂದೆಡೆ ಗುಂಪುಗೂಡಿದರೆ ಅದೇ ಮಚ್ಚೆ. ಹುಟ್ಟುವಾಗಲೇ ಇರಬಹುದು, ಬಾಲ್ಯದಲ್ಲಿ ಮೂಡಬಹುದು. ಸುಮಾರು ಮೂವತ್ತು ವರ್ಷದ ತನಕ ಹೊಸ ಮಚ್ಚೆ ಬರುವುದು ಸಹಜ. ನಲವತ್ತು ದಾಟಿದ ಮೇಲೆ ಹೊಸದಾಗಿ ಮೂಡಿ ಬೆಳೆಯುತ್ತಿರುವ ಮಚ್ಚೆಯನ್ನು ಒಮ್ಮೆ ಡಾಕ್ಟರಿಗೆ ತೋರಿಸಿ.

ಮಚ್ಚೆಗಳಲ್ಲಿ ಎಷ್ಟು ಬಗೆ?

ಕೋಶಗಳ ಗುಂಪು ಚರ್ಮದ ಮೇಲ್ಪದರದಲ್ಲೇ ಇದ್ದರೆ ಮಚ್ಚೆ ಚಪ್ಪಟೆ, ಒಂದೇ ಸಮನಾದ ಕಂದು ಅಥವಾ ಕಪ್ಪು. ಗುಂಪಿನ ಸ್ವಲ್ಪ ಭಾಗ ಕೆಳಗಿಳಿದರೆ ಮಚ್ಚೆ ತುಸು ಉಬ್ಬುತ್ತದೆ. ಪೂರ್ತಿ ಕೆಳಪದರಕ್ಕೆ ಇಳಿದರೆ ಗುಮ್ಮಟದಂತೆ ಮೆತ್ತಗಾಗಿ, ಬಣ್ಣ ಮಾಸಿ, ಹಲವು ಸಲ ಕೂದಲೂ ಬೆಳೆಯುತ್ತದೆ. ಒಂದೇ ಮಚ್ಚೆ ಹತ್ತಿಪ್ಪತ್ತು ವರ್ಷಗಳಲ್ಲಿ ಈ ಮೂರು ಹಂತ ದಾಟಬಹುದು. ನಿಧಾನವಾಗಿ, ಸಮನಾಗಿ ಉಬ್ಬುವುದು ಮುಪ್ಪಿನ ಲಕ್ಷಣವೇ ಹೊರತು ಕಾಯಿಲೆಯಲ್ಲ.

ಇನ್ನು ಕೆಲವು ಬಗೆಗಳಿವೆ. ನೀಲಿ ಮಚ್ಚೆಯಲ್ಲಿ ಬಣ್ಣ ಆಳದಲ್ಲಿರುವುದರಿಂದ ಮೇಲಿಂದ ನೀಲಿಯಾಗಿ ಕಾಣುತ್ತದೆ. ಹದಿಹರೆಯದವರಲ್ಲಿ ಮಚ್ಚೆಯ ಸುತ್ತ ಬಿಳಿ ಉಂಗುರ ಮೂಡಿ ನಡುವಿನ ಮಚ್ಚೆ ಮೆಲ್ಲನೆ ಮಾಯವಾಗುವುದುಂಟು. ಹೆಚ್ಚಾಗಿ ಇದು ನಿರಪಾಯ, ಆದರೆ ಕೆಲವರಿಗೆ ಬೇರೆಡೆ ತೊನ್ನು ಇರಬಹುದಾದ್ದರಿಂದ ಮೈಯೆಲ್ಲ ನೋಡಿಸಬೇಕು. ದೊಡ್ಡವರಲ್ಲಿ ಇಂಥ ಉಂಗುರ ಹೊಸದಾಗಿ ಬಂದರೆ ತಡಮಾಡದೆ ತೋರಿಸಿ. ಹುಡುಗರ ಹೆಗಲಲ್ಲಿ ಹದಿನೈದರ ಸುಮಾರಿಗೆ ಅಂಗೈಯಗಲದ ಕಂದು ಕಲೆ ಹರಡಿ ಅದರಲ್ಲಿ ರೋಮ ಬೆಳೆಯುವುದು ಇನ್ನೊಂದು ಬಗೆ, ಅದು ಅಪಾಯದ್ದಲ್ಲ. ಕಣ್ಣಿನ ಸುತ್ತ ಬೂದುನೀಲಿ ಬಣ್ಣ ಹರಡಿದ್ದರೆ ಅದನ್ನು ಓಟಾ ಮಚ್ಚೆ ಎನ್ನುತ್ತಾರೆ. ಬಣ್ಣ ಕಣ್ಣಿನ ಬಿಳಿಭಾಗಕ್ಕೂ ಇಳಿದಿದ್ದರೆ ವರ್ಷಕ್ಕೊಮ್ಮೆ ಕಣ್ಣಿನ ಡಾಕ್ಟರಲ್ಲಿ ಒತ್ತಡ ಅಳೆಸಬೇಕು, ಏಕೆಂದರೆ ಕಣ್ಣೊಳಗಿನ ಒತ್ತಡ ಹೆಚ್ಚಿ ದೃಷ್ಟಿ ಕೆಡುವ ಗ್ಲಾಕೋಮಾ ಬರುವ ಸಾಧ್ಯತೆ ಇದೆ.

ಅಂಚು ಕದಡಿದಂತಿರುವ, ಎರಡು ಮೂರು ಛಾಯೆಯ ದೊಡ್ಡ ಮಚ್ಚೆಗಳೂ ಇವೆ. ಅಂಥವು ಕ್ಯಾನ್ಸರ್ ಅಲ್ಲ, ಆದರೆ ಹಲವು ಇದ್ದವರು ಚರ್ಮರೋಗ ತಜ್ಞರ ಕಣ್ಣಳತೆಯಲ್ಲಿ ಇರುವುದು ಒಳ್ಳೆಯದು.

ಕುತ್ತಿಗೆಯಲ್ಲಿ ಜೋತಾಡುವುದು, ಕೈಮೇಲೆ ಒರಟಾಗಿರುವುದು, ಇವೂ ಮಚ್ಚೆಯೇ?

ಅಲ್ಲ. ನರಹುಲಿ ವೈರಸ್‌ನಿಂದ ಬರುತ್ತದೆ, ಒಂದರಿಂದ ಹತ್ತಾಗುತ್ತದೆ, ಮೇಲ್ಮೈ ಒರಟು, ಒಮ್ಮೊಮ್ಮೆ ಒಳಗೆ ಕಪ್ಪು ಚುಕ್ಕಿ. ಕುತ್ತಿಗೆ, ಕಂಕುಳಿನಲ್ಲಿ ತೊಟ್ಟಿನಿಂದ ಜೋತುಬಿದ್ದ ಮೆತ್ತನೆಯ ತೊಗಲು ಬೇರೆ. ಅದು ಹಲವಾರು ಇದ್ದು ಕುತ್ತಿಗೆಯೂ ಕಪ್ಪಾಗಿದ್ದರೆ ಒಮ್ಮೆ ಸಕ್ಕರೆ ಪರೀಕ್ಷೆ ಮಾಡಿಸಿ. ಕೆನ್ನೆಯ ಮೇಲೆ ಸಾಸಿವೆಯಂಥ ಕಪ್ಪು ಕಾಳುಗಳು ವರ್ಷ ವರ್ಷ ಹೆಚ್ಚುವುದು, ಅಮ್ಮನಿಗೂ ಅಜ್ಜಿಗೂ ಇದ್ದದ್ದು, ನಮ್ಮವರಲ್ಲಿ ತುಂಬ ಸಾಮಾನ್ಯ ಮತ್ತು ನಿರಪಾಯ. ಐವತ್ತರ ನಂತರ ಬೆನ್ನಿನಲ್ಲಿ ಮೇಣ ಅಂಟಿಸಿಟ್ಟಂತೆ ಕಾಣುವ, ಉಗುರಿನಿಂದ ಕೆರೆದರೆ ಹುಡಿ ಏಳುವ ಕಂದು ದಪ್ಪ ಕಲೆಯೂ ಹಾಗೆಯೇ. ಕೆಂಪು ಮಣಿಯಂಥ ಚುಕ್ಕಿಗಳು ರಕ್ತನಾಳದವು. ಕಾಲಿನಲ್ಲಿ ಗಟ್ಟಿ ಕಂದು ಗಂಟೊಂದಿದ್ದು ಎರಡೂ ಬದಿಯಿಂದ ಹಿಂಡಿದಾಗ ನಡು ಗುಳಿ ಬಿದ್ದರೆ, ಅದು ಹಳೆಯ ಮುಳ್ಳು ಅಥವಾ ಹುಳ ಕಡಿತದ ನಂತರ ಉಳಿಯುವ ನಾರುಗಂಟು ಇರಬಹುದು.

ಮಗುವಿನ ಸೊಂಟದಲ್ಲಿ ನೀಲಿ ಕಲೆ ಇದೆ. ಹೆದರಬೇಕೇ?

ಬೇಡ. ಸೊಂಟ, ಕುಂಡೆಯ ಮೇಲಿನ ಬೂದುನೀಲಿ ಕಲೆ ಹೆಚ್ಚಾಗಿ ನಾಲ್ಕೈದು ವರ್ಷದೊಳಗೆ ಮಾಸುತ್ತದೆ. ಪೆಟ್ಟಿನ ಗುರುತೆಂದು ಯಾರಾದರೂ ತಪ್ಪು ತಿಳಿಯದಂತೆ ಮಗುವಿನ ಚುಚ್ಚುಮದ್ದಿನ ಕಾರ್ಡಿನಲ್ಲಿ ಬರೆಸಿಟ್ಟರೆ ಸಾಕು.

ಹುಟ್ಟುಮಚ್ಚೆಯ ಮಾತು ಬೇರೆ. 1.5 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಚಿಕ್ಕದು, 20 ಸೆಂ.ಮೀ. ತನಕ ಮಧ್ಯಮ, ಅದಕ್ಕೂ ಮೀರಿದರೆ ದೊಡ್ಡದು. ಈ ಅಳತೆ ಮಗು ದೊಡ್ಡದಾದ ಮೇಲೆ ಮಚ್ಚೆ ಎಷ್ಟಾಗುತ್ತದೆ ಎಂಬ ಲೆಕ್ಕದ್ದು. ಚಿಕ್ಕದರಲ್ಲಿ ಅಪಾಯ ತೀರಾ ಕಡಿಮೆ. ಬೆನ್ನು ಅಥವಾ ತಲೆ ತುಂಬ ಹರಡಿದ ದೊಡ್ಡ ಮಚ್ಚೆ, ಅದರ ಸುತ್ತ ಹತ್ತಾರು ಮರಿಮಚ್ಚೆ ಇದ್ದರೆ ಕೆಲವೇ ತಿಂಗಳೊಳಗೆ ತಜ್ಞರಿಗೆ ತೋರಿಸಬೇಕು. ಮಿದುಳಿನ ಪೊರೆಯಲ್ಲೂ ಅಂಥ ಕೋಶಗಳು ಇರಬಹುದಾದ್ದರಿಂದ ಎಂ.ಆರ್.ಐ. ಬೇಕೇ ಎಂದು ಅವರು ತೀರ್ಮಾನಿಸುತ್ತಾರೆ.

ಯಾವ ಬದಲಾವಣೆ ಕಂಡರೆ ಚಿಂತಿಸಬೇಕು?

ಮಚ್ಚೆಯ ನಡುವೆ ಮನಸ್ಸಿನಲ್ಲೇ ಒಂದು ಗೆರೆ ಎಳೆಯಿರಿ. ಎರಡು ಅರ್ಧಗಳೂ ಒಂದೇ ಥರ ಇವೆಯೇ? ಅಂಚು ದುಂಡಗೆ ಸ್ಪಷ್ಟವಾಗಿದೆಯೇ, ಹರಿದ ಕಾಗದದಂತಿದೆಯೇ? ಬಣ್ಣ ಒಂದೇ, ಅಥವಾ ಕಪ್ಪು, ಕಂದು, ಬೂದು, ಕೆಂಪು ಬೆರೆತಿದೆಯೇ? ಅಗಲ 6 ಮಿ.ಮೀ. ಮೀರಿದೆಯೇ? (ಮಕ್ಕಳ ಪೆನ್ಸಿಲಿನ ದಪ್ಪ ಸುಮಾರು 7 ಮಿ.ಮೀ. ಪೆನ್ಸಿಲಿನ ಹಿಂಬದಿ ಇಟ್ಟರೆ ಮಚ್ಚೆ ಅಂಚಿನಾಚೆ ಕಂಡರೆ ಅದು ದೊಡ್ಡದೆಂದೇ ಲೆಕ್ಕ.) ಕೊನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು: ಕಳೆದ ಕೆಲವು ವಾರ, ತಿಂಗಳುಗಳಲ್ಲಿ ಬದಲಾಗಿದೆಯೇ?

ಮೊದಲ ನಾಲ್ಕೂ ಸರಿಯಿದ್ದು ಐದನೆಯದು ಮಾತ್ರ ಇದ್ದರೂ ತೋರಿಸಬೇಕು. ಕೆಲವು ಮೆಲನೋಮಾ, ಅಂದರೆ ಮಚ್ಚೆಕೋಶಗಳ ಕ್ಯಾನ್ಸರ್, ಶುರುವಿನಿಂದಲೇ ದುಂಡಗೆ, ಒಂದೇ ಬಣ್ಣದ ಗುಳ್ಳೆಯಂತೆ ಬರುತ್ತವೆ. ಉಬ್ಬಿದೆ, ಒತ್ತಿದರೆ ಗಟ್ಟಿ, ಒಂದು ತಿಂಗಳಿಗೂ ಹೆಚ್ಚು ಕಾಲ ಬಿಡದೆ ಬೆಳೆಯುತ್ತಿದೆ ಎಂದಾದರೆ ಅಗಲ 4 ಮಿ.ಮೀ. ಇದ್ದರೂ ಕಾಯಬೇಡಿ. ಕಪ್ಪೇ ಇಲ್ಲದೆ ಗುಲಾಬಿ ಮಾಂಸದಂತೆ ಕಾಣುವ ಮೆಲನೋಮಾವೂ ಇದೆ.

ಇನ್ನೊಂದು ಸುಲಭದ ಉಪಾಯ: ಒಬ್ಬರ ಮೈಮೇಲಿನ ಮಚ್ಚೆಗಳು ಒಂದೇ ಮನೆಯವರಂತೆ ತಕ್ಕಮಟ್ಟಿಗೆ ಒಂದೇ ರೂಪದಲ್ಲಿರುತ್ತವೆ. ಅವುಗಳ ನಡುವೆ ಪರಕೀಯನಂತೆ ಕಾಣುವ ಒಂದನ್ನು ಮೊದಲು ನೋಡಿಸಿ.

ತುರಿಕೆ ಮಾತ್ರ ಇದ್ದರೆ ಹೆಚ್ಚಿನ ಸಲ ಬಟ್ಟೆಯ ಉಜ್ಜುವಿಕೆ ಕಾರಣ. ತಾಗದೆಯೇ ರಕ್ತ ಬರುವುದು, ಮೇಲೆ ಹಕ್ಕಳೆಗಟ್ಟಿ ಮತ್ತೆ ಒಸರುವುದು ಹಾಗಲ್ಲ.

ಅಂಗಾಲಿನ ಕಪ್ಪು ಕಲೆಗೆ ಇಷ್ಟೊಂದು ಒತ್ತು ಏಕೆ?

ಮೆಲನೋಮಾ ಭಾರತದಲ್ಲಿ ಅಪರೂಪ, ವರ್ಷಕ್ಕೆ ಲಕ್ಷ ಜನರಲ್ಲಿ ಒಬ್ಬರಿಗಿಂತ ಕಡಿಮೆ. ಆದರೆ ಬಂದಾಗ ಅದರ ದೊಡ್ಡ ಪಾಲು ಅಂಗಾಲು, ಅಂಗೈ, ಉಗುರಿನಲ್ಲೇ. ಈ ಬಗೆಗೆ ಬಿಸಿಲು ಮುಖ್ಯ ಕಾರಣವಲ್ಲ, ಆದ್ದರಿಂದ ‘ನಮ್ಮದು ಕಪ್ಪು ಮೈ, ನಮಗೆ ಬರುವುದಿಲ್ಲ’ ಎಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ತಪ್ಪುವುದು ಹೀಗೆ. ಹಿಮ್ಮಡಿಯಲ್ಲಿ ಒಂದು ಕಪ್ಪು ಕಲೆ. ನೋವಿಲ್ಲ. ಆಣಿ ಎಂದುಕೊಂಡು ಮೆಡಿಕಲ್‌ನಿಂದ ಕಾರ್ನ್ ಕ್ಯಾಪ್ ತಂದು ಅಂಟಿಸುತ್ತಾರೆ. ಚರ್ಮ ಬೆಳ್ಳಗಾಗಿ ಸುಲಿಯುತ್ತದೆ, ಕಲೆ ಹೋಗುವುದಿಲ್ಲ. ಬ್ಲೇಡಿನಲ್ಲಿ ಹೆರೆಯುತ್ತಾರೆ, ರಕ್ತ ಬರುತ್ತದೆ, ಗಾಯವಾಗುತ್ತದೆ. ಸಕ್ಕರೆ ಕಾಯಿಲೆ ಇದ್ದವರಾದರೆ ‘ಶುಗರಿನ ಹುಣ್ಣು’ ಎಂದು ಡ್ರೆಸ್ಸಿಂಗ್ ಮುಂದುವರಿಯುತ್ತದೆ. ಹೀಗೆ ಆರೇಳು ತಿಂಗಳು ಕಳೆದಾಗ ತೊಡೆಸಂದಿಯಲ್ಲಿ ಗಂಟು ಕಾಣಿಸುತ್ತದೆ, ಅಂದರೆ ಕ್ಯಾನ್ಸರ್ ಅಲ್ಲಿಗೂ ಹರಡಿದೆ. ಮೊದಲ ತಿಂಗಳಲ್ಲೇ ಒಬ್ಬರು ಸರಿಯಾಗಿ ನೋಡಿದ್ದರೆ ಸಣ್ಣ ಆಪರೇಷನ್‌ನಲ್ಲಿ ಮುಗಿಯುತ್ತಿತ್ತು.

ಆದ್ದರಿಂದ ಅಂಗಾಲಿಗೆ ಬೇರೆಯೇ ನಿಯಮ: ಹೊಸ ಕಪ್ಪು ಕಲೆ, ಅಗಲವಾಗುತ್ತಿರುವ ಕಲೆ, ಎರಡು ತಿಂಗಳಲ್ಲಿ ವಾಸಿಯಾಗದ ಗಾಯ, ರಕ್ತ ಒಸರುವ ‘ಆಣಿ’, ಯಾವುದೆಂದು ಖಚಿತವಾಗದ ಯಾವ ಗುಳ್ಳೆಯಾದರೂ ಡಾಕ್ಟರು ನೋಡಬೇಕು, ಬೇಕಾದರೆ ಚೂರು ತೆಗೆದು ಪರೀಕ್ಷಿಸಬೇಕು. ತಜ್ಞರು ಡರ್ಮೋಸ್ಕೋಪ್ ಎಂಬ ದೀಪವಿರುವ ಭೂತಗನ್ನಡಿ ಇಟ್ಟು ನೋಡುತ್ತಾರೆ. ಅಂಗಾಲಿನ ರೇಖೆಗಳಲ್ಲಿ ತಗ್ಗು ಇದೆ, ಏರು ಇದೆ. ಬಣ್ಣ ತಗ್ಗಿನಲ್ಲಿ ಸಾಲುಗಟ್ಟಿದ್ದರೆ ಹೆಚ್ಚಾಗಿ ಸಾಮಾನ್ಯ ಮಚ್ಚೆ, ಏರಿನ ಮೇಲೆ ಸಾಲುಗಟ್ಟಿದ್ದರೆ ಮೆಲನೋಮಾದ ಸಂಶಯ. ನೋವಿಲ್ಲದ, ಎರಡು ನಿಮಿಷದ ಪರೀಕ್ಷೆ.

ಅಡಿಕೆ ಸುಲಿದು ಬೆರಳೆಲ್ಲ ಕಪ್ಪಾಗಿದೆ. ಮಚ್ಚೆಯೋ, ಕರೆಯೋ ತಿಳಿಯುವುದು ಹೇಗೆ?

ಹಸಿ ಅಡಿಕೆಯ ಚೊಗರಿನ ಕರೆ ಬೆರಳ ತುದಿ, ಹೆಬ್ಬೆರಳ ಬದಿ, ಚರ್ಮದ ಬಿರುಕುಗಳಲ್ಲಿ ಹರಡಿಕೊಂಡಿರುತ್ತದೆ, ಒಂದು ಗುಂಡು ಚುಕ್ಕಿಯಾಗಿ ಅಲ್ಲ. ಸುಲಿಯುವ ಕೆಲಸ ನಿಲ್ಲಿಸಿದ ಎರಡು ಮೂರು ವಾರಗಳಲ್ಲಿ ಚರ್ಮ ಉದುರುತ್ತಾ ಅದೂ ಹೋಗುತ್ತದೆ. ಗೇರಿನ ಸೊನೆ ತಾಗಿದ್ದರೆ ಮೊದಲು ಉರಿ, ಗುಳ್ಳೆ, ಆಮೇಲೆ ಕಪ್ಪು. ಮೂರು ವಾರ ಕಳೆದರೂ ಇದ್ದಲ್ಲೇ ಇರುವ ಕಲೆಯನ್ನು ಕರೆ ಎಂದು ಬಿಡಬೇಡಿ.

ಕಬಡ್ಡಿ, ಬ್ಯಾಡ್ಮಿಂಟನ್ ಆಡುವವರ ಹಿಮ್ಮಡಿಯಲ್ಲಿ ಸೂಜಿಮೊನೆಯಂಥ ಕಪ್ಪು ಚುಕ್ಕಿಗಳು ಮೂಡುವುದುಂಟು. ಗಕ್ಕನೆ ನಿಂತಾಗ ಚರ್ಮದೊಳಗೆ ಸಣ್ಣ ರಕ್ತನಾಳ ಒಡೆದು ಒಣಗಿದ್ದು ಅದು. ಡಾಕ್ಟರು ಮೇಲ್ಪದರ ಹೆರೆದರೆ ಅದರೊಡನೆ ಉದುರುತ್ತದೆ, ಹೆರೆಯದಿದ್ದರೂ ಕೆಲವು ವಾರದಲ್ಲಿ ಹೋಗುತ್ತದೆ.

ಉಗುರಿನಲ್ಲಿ ಕಪ್ಪು ಗೆರೆ ಇದೆ. ಏನು ಮಾಡಲಿ?

ಹಲವು ಉಗುರುಗಳಲ್ಲಿ ತೆಳ್ಳಗಿನ ಕಂದು ಗೆರೆ, ವರ್ಷಗಳಿಂದ ಹಾಗೆಯೇ ಇದ್ದರೆ ನಮ್ಮ ಮೈಬಣ್ಣಕ್ಕೆ ಸಹಜ. ಒಂದೇ ಉಗುರಿನಲ್ಲಿ, ಅದರಲ್ಲೂ ಕೈ ಅಥವಾ ಕಾಲಿನ ಹೆಬ್ಬೆರಳಿನಲ್ಲಿ, ಹೊಸದಾಗಿ ಬಂದು 3 ಮಿ.ಮೀ. ಮೀರಿ ಅಗಲವಾಗುತ್ತಿದ್ದರೆ, ಬುಡದ ಕಡೆ ಹೆಚ್ಚು ಅಗಲವಿದ್ದರೆ, ಕಪ್ಪು ಬಣ್ಣ ಉಗುರು ದಾಟಿ ಬುಡದ ಚರ್ಮಕ್ಕೂ ಹರಡಿದ್ದರೆ ಆ ವಾರವೇ ತೋರಿಸಿ. ಜಮೈಕಾದ ಹಾಡುಗಾರ ಬಾಬ್ ಮಾರ್ಲಿ 1981ರಲ್ಲಿ ತನ್ನ 36ನೆಯ ವಯಸ್ಸಿನಲ್ಲಿ ತೀರಿಕೊಂಡದ್ದು ಕಾಲಬೆರಳ ಉಗುರಿನಡಿ ಶುರುವಾದ ಮೆಲನೋಮಾದಿಂದ. ಮೊದಮೊದಲು ಅದು ಫುಟ್‌ಬಾಲ್ ಆಟದ ಗಾಯ ಎಂದೇ ಭಾವಿಸಲಾಗಿತ್ತು.

ಪೆಟ್ಟಿನ ರಕ್ತವೋ ಎಂದು ನೋಡುವ ದಾರಿ ಇದೆ. ಕಲೆಯ ಬುಡದ ಅಂಚಿಗೆ ನೇರವಾಗಿ ಉಗುರಿನ ಮೇಲೆ ಅರದಿಂದ ಸಣ್ಣ ಗೀರು ಹಾಕಿ. ಕೈಯುಗುರು ತಿಂಗಳಿಗೆ ಸುಮಾರು 3 ಮಿ.ಮೀ., ಕಾಲುಗುರು 1ರಿಂದ 1.5 ಮಿ.ಮೀ. ಬೆಳೆಯುತ್ತದೆ. ರಕ್ತವಾದರೆ ಗೀರಿನ ಜತೆಗೇ ಮುಂದೆ ಸಾಗಿ ಬುಡದಲ್ಲಿ ಸ್ವಚ್ಛ ಉಗುರು ಕಾಣುತ್ತದೆ. ಗೀರು ಮುಂದೆ ಹೋಗಿ ಕಪ್ಪು ಬುಡದಲ್ಲೇ ಉಳಿದರೆ ಅದು ರಕ್ತವಲ್ಲ. ಪೆಟ್ಟು ಬಿದ್ದ ನೆನಪೇ ಇಲ್ಲದವರು ಈ ಪರೀಕ್ಷೆಗಾಗಿ ದಿನ ಕಳೆಯಬೇಡಿ.

ಅಜ್ಜನ ಮೂಗಿನ ಬದಿಯಲ್ಲಿ ಹೊಳೆಯುವ ಕಪ್ಪು ಗುಳ್ಳೆ. ನೋವಿಲ್ಲ ಎನ್ನುತ್ತಾರೆ.

ಬೇಸಲ್ ಸೆಲ್ ಕ್ಯಾನ್ಸರ್ ಇರಬಹುದು. ನಮ್ಮ ಮೈಬಣ್ಣದಲ್ಲಿ ಇದು ಹೆಚ್ಚಾಗಿ ಕಪ್ಪಾಗಿಯೇ ಬರುವುದರಿಂದ ಮಚ್ಚೆ ಎಂದೇ ತಿಳಿಯುತ್ತಾರೆ. ಅಂಚು ಮುತ್ತಿನಂತೆ ಹೊಳೆಯುತ್ತದೆ, ನಡುವೆ ಹುಣ್ಣಾಗುತ್ತದೆ, ಹಕ್ಕಳೆ ಬಿದ್ದು ಮತ್ತೆ ಕಟ್ಟುತ್ತದೆ. ಬೇರೆ ಅಂಗಕ್ಕೆ ಹರಡುವುದು ತೀರಾ ಅಪರೂಪ, ಆದರೆ ಬಿಟ್ಟರೆ ಮೂಗು, ರೆಪ್ಪೆಯನ್ನು ಕೊರೆಯುತ್ತದೆ. ಬೇಗ ತೆಗೆದರೆ ಪೂರ್ತಿ ಗುಣ. ಇದಕ್ಕೆ ಬಿಸಿಲೇ ಮುಖ್ಯ ಕಾರಣ. ಅಡಿಕೆ ಹಾಳೆಯ ಟೊಪ್ಪಿಯಾದ ಮುಟ್ಟಾಳೆ ನೆತ್ತಿಯನ್ನು ಕಾಯುತ್ತದೆ, ಅಂಚಿಲ್ಲದ್ದರಿಂದ ಮೂಗು, ಕಿವಿ, ಕತ್ತಿಗೆ ನೆರಳು ಕೊಡುವುದಿಲ್ಲ. ದೋಣಿಯಲ್ಲಿ, ಅಂಗಳದಲ್ಲಿ ಅಡಿಕೆ ಒಣಗಿಸುವಾಗ ಅಗಲ ಅಂಚಿನ ಟೊಪ್ಪಿ ಬೇಕು.

ಗೇರೆಣ್ಣೆ ಅಥವಾ ಸುಣ್ಣ ಹಚ್ಚಿ ಮಚ್ಚೆ ತೆಗೆಯಬಹುದೇ?

ದಯವಿಟ್ಟು ಬೇಡ. ಗೇರುಬೀಜದ ಸಿಪ್ಪೆಯ ಎಣ್ಣೆಯಲ್ಲಿರುವ ಅನಕಾರ್ಡಿಕ್ ಆಮ್ಲ, ಕಾರ್ಡಾಲ್ ಚರ್ಮವನ್ನು ಸುಡುತ್ತವೆ. ಸುಣ್ಣಕ್ಕೆ ಸೋಪು, ಸೋಡಾ ಬೆರೆಸಿದರೆ ಕ್ಷಾರದ ಸುಟ್ಟಗಾಯ, ಅದು ಆಸಿಡ್ಡಿಗಿಂತಲೂ ಆಳಕ್ಕೆ ಇಳಿಯುತ್ತದೆ. ಮೇಲ್ಭಾಗ ಉದುರುತ್ತದೆ, ಕೆಳಗಿನ ಕೋಶಗಳು ಉಳಿಯುತ್ತವೆ. ಕಲೆಗಟ್ಟಿದ ಚರ್ಮದಲ್ಲಿ ಅವು ಮತ್ತೆ ಬೆಳೆದಾಗ ಅಡ್ಡಾದಿಡ್ಡಿಯಾಗಿ, ಕ್ಯಾನ್ಸರಿನಂತೆಯೇ ಕಾಣುತ್ತವೆ. ಆಗ ನಿಜವಾದದ್ದು ಯಾವುದೆಂದು ಮೈಕ್ರೋಸ್ಕೋಪಿನಲ್ಲಿ ನೋಡುವ ಪೆಥಾಲಜಿಸ್ಟರಿಗೂ ಕಷ್ಟ. ಎದೆ, ಹೆಗಲಿನಲ್ಲಿ ಸುಟ್ಟರೆ ಕೀಲಾಯ್ಡ್ ಎಂಬ ಗಟ್ಟಿ ಉಬ್ಬು ಏಳುವ ಭಯ ಬೇರೆ. ದಾರ ಕಟ್ಟುವುದೂ ಬೇಡ.

ಪಾರ್ಲರಿನಲ್ಲಿ ಲೇಸರ್ ಮಾಡಿಸಿದರೆ?

ಕುತ್ತಿಗೆಯ ತೊಗಲಿಗೆ, ಮುಖದ ಸಾಸಿವೆ ಕಾಳಿಗೆ ಲೇಸರ್ ಅಥವಾ ಕರೆಂಟಿನಲ್ಲಿ ಸುಡುವುದು ಸರಿ, ಆದರೆ ಅದೇನೆಂದು ಚರ್ಮದ ಡಾಕ್ಟರು ಮೊದಲು ಹೇಳಿರಬೇಕು. ಬಣ್ಣವಿರುವ ಮಚ್ಚೆಯನ್ನು ಸುಟ್ಟರೆ ಪರೀಕ್ಷೆಗೆ ಏನೂ ಉಳಿಯುವುದಿಲ್ಲ. ಮೈಯಿಂದ ತೆಗೆದ ಯಾವ ಮಚ್ಚೆಯೂ ಕಸದ ಡಬ್ಬಿಗೆ ಹೋಗಬಾರದು, ಲ್ಯಾಬಿಗೆ ಹೋಗಬೇಕು.

ಮಚ್ಚೆಯ ಕೂದಲು ಕಿತ್ತರೆ, ಕ್ಷೌರದಲ್ಲಿ ಕುಯ್ದರೆ ಕ್ಯಾನ್ಸರ್ ಬರುತ್ತದೆಯೇ?

ಇಲ್ಲ. ಕಿತ್ತರೆ ಕೀವಾಗಬಹುದು, ಆದ್ದರಿಂದ ಕತ್ತರಿಸಿಕೊಳ್ಳಿ. ಕುಯ್ದ ಗಾಯ ಎರಡು ವಾರದಲ್ಲಿ ಆರಬೇಕು.

ಚಾಕು ತಾಗಿಸಿದರೆ ಹಬ್ಬುತ್ತದಂತೆ, ನಿಜವೇ?

ಸುಳ್ಳು, ಮತ್ತು ಈ ಸುಳ್ಳಿನಿಂದ ಬಹಳ ಜನ ತಡಮಾಡಿದ್ದಾರೆ. ಬಯೋಪ್ಸಿಯಿಂದ, ಅಂದರೆ ಮಚ್ಚೆಯನ್ನೋ ಅದರ ಚೂರನ್ನೋ ತೆಗೆದು ಪರೀಕ್ಷಿಸುವುದರಿಂದ, ಮೆಲನೋಮಾ ಹರಡುವುದಿಲ್ಲ, ಬಿಟ್ಟರೆ ಹರಡುತ್ತದೆ.

ನಡೆಯುವುದು ಹೀಗೆ. ರಕ್ತ ತೆಳು ಮಾಡುವ ಮಾತ್ರೆ, ಸಕ್ಕರೆ, ಹಿಂದೆ ಇಂಜೆಕ್ಷನ್ ಆಗಿಬರದಿದ್ದದ್ದು ಎಲ್ಲವನ್ನೂ ಮೊದಲೇ ಹೇಳಿ, ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಲಿಗ್ನೊಕೇಯ್ನ್ ಇಂಜೆಕ್ಷನ್‌ನಿಂದ ಜಾಗವನ್ನು ಜೋಮು ಹಿಡಿಸುತ್ತಾರೆ. ಸಂಶಯದ ಮಚ್ಚೆಯನ್ನು ಸುತ್ತ ಸುಮಾರು 2 ಮಿ.ಮೀ. ಒಳ್ಳೆಯ ಚರ್ಮದೊಡನೆ, ಪೂರ್ತಿಯಾಗಿ, ಆಳದವರೆಗೆ ತೆಗೆದು ಹೊಲಿಗೆ ಹಾಕುತ್ತಾರೆ. ಅಂಗಾಲಿನ ದೊಡ್ಡ ಕಲೆಯಾದರೆ ಅತಿ ದಪ್ಪ ಅಥವಾ ಅತಿ ಕಪ್ಪು ಭಾಗದಿಂದ ಚೂರು. ಮುಖದ ಹೊಲಿಗೆ 5–7 ದಿನದಲ್ಲಿ, ಬೆನ್ನಿನದ್ದು 10–14 ದಿನದಲ್ಲಿ, ಅಂಗಾಲಿನದ್ದು ಎರಡು ವಾರ ಕಳೆದು ಬಿಚ್ಚುತ್ತಾರೆ.

ಚೂರಿನ ಬಾಟಲಿಯನ್ನು ಲ್ಯಾಬಿಗೆ ಒಯ್ಯಲು ಕೆಲವೊಮ್ಮೆ ಮನೆಯವರ ಕೈಗೇ ಕೊಡುತ್ತಾರೆ. ಒಳಗಿರುವುದು ನೀರಲ್ಲ, ಚೂರು ಕೆಡದಂತೆ ಕಾಯುವ 10 ಶೇಕಡಾ ಫಾರ್ಮಲಿನ್ ಎಂದು ಕೇಳಿ ಖಚಿತ ಮಾಡಿಕೊಳ್ಳಿ, ಚೂರಿನ ಹತ್ತು ಪಟ್ಟು ದ್ರವ ಇರಬೇಕು. ಹೆಸರು, ವಯಸ್ಸು, ಮೈಯ ಯಾವ ಜಾಗ ಎಂಬುದು ಮುಚ್ಚಳದ ಮೇಲಲ್ಲ, ಬಾಟಲಿಯ ಮೇಲೆ ಬರೆದಿರಬೇಕು. ಫ್ರಿಜ್‌ನಲ್ಲಿ ಇಡಬೇಡಿ, ಅದೇ ದಿನ ತಲುಪಿಸಿ.

ರಿಪೋರ್ಟಿನಲ್ಲಿ ಮೆಲನೋಮಾ ಎಂದಿದ್ದರೆ ಮುಂದೇನು?

ಮೊದಲು ಕೇಳಬೇಕಾದದ್ದು ದಪ್ಪ. ಬ್ರೆಸ್ಲೋ ಎಂದು ಬರೆದು ಮಿ.ಮೀ.ನಲ್ಲಿ ಕೊಟ್ಟಿರುತ್ತಾರೆ. 1 ಮಿ.ಮೀ. ಅಥವಾ ಕಡಿಮೆ ಇದ್ದರೆ ಸುತ್ತ 1 ಸೆಂ.ಮೀ. ಬಿಟ್ಟು ಮತ್ತೆ ಕತ್ತರಿಸುತ್ತಾರೆ, ಬಹುಪಾಲು ಮಂದಿ ಗುಣವಾಗುತ್ತಾರೆ. 2 ಮಿ.ಮೀ. ಮೀರಿದರೆ 2 ಸೆಂ.ಮೀ., ಜತೆಗೆ ಹತ್ತಿರದ ದುಗ್ಧಗ್ರಂಥಿಯ (ಲಿಂಫ್ ನೋಡ್) ಪರೀಕ್ಷೆ. ಹರಡಿದ್ದರೂ ಇಂದು ರೋಗನಿರೋಧಕ ಶಕ್ತಿಯನ್ನು ಎಚ್ಚರಿಸುವ ಮದ್ದುಗಳಿವೆ. ಈ ಹಂತದಲ್ಲಿ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್ ಅಥವಾ ಮಂಗಳೂರಿನ ಕ್ಯಾನ್ಸರ್ ವಿಭಾಗವಿರುವ ಆಸ್ಪತ್ರೆಗೆ ಹೋಗಿ. ರಿಪೋರ್ಟಿನ ಜತೆ ಲ್ಯಾಬಿನಿಂದ, ನಿಮ್ಮ ಚೂರನ್ನು ಹುದುಗಿಸಿಟ್ಟ ಮೇಣದ ಬ್ಲಾಕ್ ಮತ್ತು ಗಾಜಿನ ಸ್ಲೈಡ್ ಕೇಳಿ ಪಡೆಯಿರಿ. ಅವಿಲ್ಲದೆ ಹೋದರೆ ಮತ್ತೊಮ್ಮೆ ಬರಬೇಕಾಗುತ್ತದೆ.

ಮೊದಲು ಎಲ್ಲಿ ತೋರಿಸುವುದು? ಮಲಯಾಳ ಸರಿಯಾಗಿ ಬಾರದವರು ಏನು ಮಾಡಬೇಕು?

ಹತ್ತಿರದ ಕುಟುಂಬ ಆರೋಗ್ಯ ಕೇಂದ್ರದಲ್ಲಿ ತೋರಿಸಿ ಚೀಟಿ ಬರೆಸಿಕೊಂಡು ಕಾಸರಗೋಡು ಜನರಲ್ ಆಸ್ಪತ್ರೆಗೋ ಕಾಞಂಗಾಡಿನ ಜಿಲ್ಲಾ ಆಸ್ಪತ್ರೆಗೋ ಹೋಗಬಹುದು. ಚರ್ಮದ ಓ.ಪಿ. ಯಾವ ದಿನ ಎಂದು ಮೊದಲೇ ಕೇಳಿ ಹೊರಡಿ. ತಲಪಾಡಿ ದಾಟಿ ಮಂಗಳೂರಿಗೆ ಹೋಗುವವರು ಕೇರಳದ ವಿಮಾ ಕಾರ್ಡು ಅಲ್ಲಿ ನಡೆಯುತ್ತದೆಯೇ ಎಂಬುದನ್ನು ಆಸ್ಪತ್ರೆಯ ಕೌಂಟರಿನಲ್ಲಿ ಕೇಳಿಯೇ ಮುಂದುವರಿಯಿರಿ.

ಮಾತಿಗೆ ಇಷ್ಟು ಸಾಕು: ಮಲಯಾಳದಲ್ಲಿ ಮಚ್ಚೆಗೆ ‘ಮರುಕ್’ ಅಥವಾ ‘ಕಾಕ್ಕಪ್ಪುಳ್ಳಿ’, ನರಹುಲಿಗೆ ‘ಅರಿಂಬಾರ’. ‘ವಲುದಾಗುನ್ನು’ ಎಂದರೆ ದೊಡ್ಡದಾಗುತ್ತಿದೆ, ‘ನಿರಂ ಮಾರಿ’ ಎಂದರೆ ಬಣ್ಣ ಬದಲಾಗಿದೆ, ‘ಚೋರ ವರುನ್ನು’ ಎಂದರೆ ರಕ್ತ ಬರುತ್ತಿದೆ. ‘ಅರಿಂಬಾರ’ ಎಂದು ತಪ್ಪಿ ಹೇಳಿದರೆ ಸುಡುವ ಮದ್ದಿನ ಕಡೆಗೆ ಮಾತು ತಿರುಗಬಹುದು. ಹೆಸರು ಗೊತ್ತಾಗದಿದ್ದರೆ ಹೇಳದೆ ಜಾಗವನ್ನು ತೋರಿಸಿ.

ಎಸ್.ಎಸ್.ಎಲ್.ಸಿ. ಪುಸ್ತಕದಲ್ಲಿ ಗುರುತಾಗಿ ಬರೆದ ಮಚ್ಚೆಯನ್ನು ತೆಗೆಸಬಹುದೇ?

ತೆಗೆಸಬಹುದು. ತೆಗೆದ ಜಾಗದಲ್ಲಿ ಗಾಯದ ಗುರುತು ಉಳಿಯುತ್ತದೆ. ಆಪರೇಷನ್ ಚೀಟಿ, ಲ್ಯಾಬ್ ರಿಪೋರ್ಟು ಮತ್ತು ಮೊದಲು ತೆಗೆದ ಒಂದು ಫೋಟೊ ಜೋಪಾನ ಮಾಡಿ. ಸರಕಾರಿ ಕೆಲಸದ ಪಿ.ಎಸ್.ಸಿ. ಪರಿಶೀಲನೆಯಲ್ಲಿ ಕೇಳಿದರೆ ತೋರಿಸಲು ಬರುತ್ತದೆ. ಅದೃಷ್ಟದ ಮಚ್ಚೆ ಎಂದು ಹಿರಿಯರು ತಡೆದರೂ ಇದೇ ಮಾತು: ಸುಮ್ಮನಿರುವ ಮಚ್ಚೆಯನ್ನು ಯಾರೂ ತೆಗೆಯಲು ಹೇಳುವುದಿಲ್ಲ, ಬದಲಾಗುತ್ತಿರುವುದನ್ನು ಇಟ್ಟುಕೊಳ್ಳುವಂತಿಲ್ಲ.

ಹಾಗಾದರೆ ಮುನ್ನೆಚ್ಚರಿಕೆಗೆ ಎಲ್ಲ ಮಚ್ಚೆ ತೆಗೆಸಿಬಿಟ್ಟರೆ?

ಪ್ರಯೋಜನವಿಲ್ಲ. ಹೆಚ್ಚಿನ ಮೆಲನೋಮಾ ಹುಟ್ಟುವುದು ಹಳೆಯ ಮಚ್ಚೆಯಿಂದಲ್ಲ, ಏನೂ ಇಲ್ಲದ ಚರ್ಮದಲ್ಲಿ ಹೊಸದಾಗಿ.

ಬಸುರಿಯರಲ್ಲಿ ಮಚ್ಚೆ ಬದಲಾಗುವುದು ಸಹಜವೇ?

ಹೊಟ್ಟೆ, ಎದೆಯ ಚರ್ಮ ಹಿಗ್ಗಿದಾಗ ಅಲ್ಲಿನ ಮಚ್ಚೆಯೂ ಹಿಗ್ಗುತ್ತದೆ. ಕಾಲು, ಬೆನ್ನಿನ ಮಚ್ಚೆ ಬದಲಾದರೆ ಬಸಿರಿನ ಲೆಕ್ಕಕ್ಕೆ ಹಾಕಬೇಡಿ. ಜಾಗ ಜೋಮು ಹಿಡಿಸಿ ಬಯೋಪ್ಸಿ ಮಾಡುವುದಕ್ಕೆ ಹೆರಿಗೆಯ ತನಕ ಕಾಯಬೇಕಿಲ್ಲ.

ಮನೆಯಲ್ಲಿ ನೋಡಿಕೊಳ್ಳುವ ಕ್ರಮ ಹೇಗೆ?

ತಿಂಗಳಿಗೊಮ್ಮೆ, ಸ್ನಾನದ ನಂತರ, ಹಗಲು ಬೆಳಕಿನಲ್ಲಿ. ಕಾಲಿನಿಂದ ಶುರು ಮಾಡಿ: ಅಂಗಾಲು, ಹಿಮ್ಮಡಿ, ಬೆರಳ ಸಂದಿ, ಉಗುರು. ಆಮೇಲೆ ಅಂಗೈ, ಕೈ, ಮುಖ, ಕಿವಿಯ ಹಿಂದೆ. ಉಗುರಿಗೆ ಬಣ್ಣ ಅಥವಾ ಮದರಂಗಿ ಹಚ್ಚಿದ್ದರೆ ಅದು ಹೋದ ಮೇಲೆ ಮತ್ತೊಮ್ಮೆ. ಬೆನ್ನು, ನೆತ್ತಿಗೆ ಮನೆಯವರ ಕಣ್ಣು ಬೇಕು. ಕೂರಲು, ಬಗ್ಗಲು ಆಗದ ಹಿರಿಯರ ಕಾಲನ್ನು ಮಕ್ಕಳು ಮೊಮ್ಮಕ್ಕಳು ಎಣ್ಣೆ ಹಚ್ಚುವಾಗ ನೋಡಿಕೊಳ್ಳಲಿ.

ನೆನಪಿಡಬೇಕೆನಿಸಿದ ಮಚ್ಚೆಯ ಎರಡು ಫೋಟೊ ತೆಗೆಯಿರಿ. ಒಂದು ದೂರದಿಂದ, ಜಾಗ ತಿಳಿಯುವಂತೆ. ಇನ್ನೊಂದು ಒಂದು ಗೇಣು ಹತ್ತಿರದಿಂದ, ಪಕ್ಕದಲ್ಲಿ ಮಕ್ಕಳ ಸ್ಕೇಲ್ ಇಟ್ಟು. ಫ್ಲ್ಯಾಶ್ ಬೇಡ, ಮೊಬೈಲಿನ ಬ್ಯೂಟಿ ಫಿಲ್ಟರ್ ತೆಗೆದುಬಿಡಿ, ಪ್ರತಿ ಸಲವೂ ಅದೇ ಕಿಟಕಿಯ ಬೆಳಕು. ಡಾಕ್ಟರಲ್ಲಿಗೆ ಹೋಗುವಾಗ ಹಳೆಯ ಫೋಟೊ ತೋರಿಸಿ, ಪೌಡರ್ ಹಚ್ಚಬೇಡಿ, ಸಾಕ್ಸ್ ತೆಗೆಯಿರಿ. ಅವರು ಕೇಳದಿದ್ದರೂ ಅಂಗಾಲನ್ನು ಎತ್ತಿ ತೋರಿಸಿ.